ನಿದ್ದೆಯಲ್ಲಿ ನಡೆಯುವ ಮಗ



ಇಳಕಲ್ಲಿನಾಗ ಒಂದು ನೇಕಾರರ ಮನೆ ಐತಿ ಅಂತ ತಿಳಿಯಿರಿ. ಎಲ್ಲರೂ ಉಂಡು ಮಲಗಿದ್ದಾರೆ. ಮಲಗಿ ಎರಡು ತಾಸು ಆಗಿದೆ. ಏಳು ವರ್ಷದ ಮಗ ಎದ್ದು ಕೂತ. ಕಣ್ಣು ತೆರೆದಿವೆ. ಎದ್ದು ಮಗ್ಗದ ಕುಣಿ ಕಡೆ ಹೊಂಟ. ಅವ್ವ ಕರೆದಳು. ಮಗ ಓ ಅನ್ನಲಿಲ್ಲ. ಅವ್ವ ಓಡಿಹೋಗಿ ಹಿಡಿದಳು. ಮುಂಜಾನೆ ಕೇಳಿದರೆ, "ನಾ ಯಾವಾಗ ಎದ್ದಿದ್ದೆ ಬೇ?" ಅಂದ. ಅವನಿಗೆ ಏನೂ ನೆನಪಿಲ್ಲ.

ಓಣಿಯವರು ಏನಂತಾರೆ? "ಹುಡುಗಗ ಗಾಳಿ ಸೋಕೇತಿ. ತಾಯತ ಕಟ್ಟಸ್ರಿ" ಅಂತಾರೆ. ಅವ್ವನ ಎದೆ ಧಸಕ್ ಅನ್ನುತ್ತದೆ.

ಹೆದರಬ್ಯಾಡ್ರಿ. ಇದು ಗಾಳಿ ಅಲ್ಲ. ದೆವ್ವ ಅಲ್ಲ. ಹುಚ್ಚೂ ಅಲ್ಲ. ಇದು ನಿದ್ದೆಯಲ್ಲಿ ನಡೆಯುವುದು.

ಇದು ಹೇಗೆ ಆಗುತ್ತದೆ?

ರಾತ್ರಿಯೆಲ್ಲ ನಿದ್ದೆ ಒಂದೇ ರೀತಿ ಇರುವುದಿಲ್ಲ. ಮಲಗಿದ ಮೊದಲ ಕೆಲವು ತಾಸು ಗಾಢ ನಿದ್ದೆ ಹೆಚ್ಚು. ಆಗ ಕೆಲವರಿಗೆ ಮಿದುಳಿನ ಒಂದು ಭಾಗ ಎಚ್ಚರ ಆಗುತ್ತದೆ. ಇನ್ನೊಂದು ಭಾಗ ಮಲಗಿಯೇ ಇರುತ್ತದೆ. ಕಾಲು ನಡೆಯುತ್ತವೆ. ತಿಳಿವಳಿಕೆ ಮಲಗಿರುತ್ತದೆ.

ಇದು ಮಕ್ಕಳಲ್ಲಿ ಹೆಚ್ಚು. ತಾಯಿಗೋ ತಂದೆಗೋ ಇದ್ದರೆ ಮಕ್ಕಳಿಗೂ ಬರಬಹುದು. ನಿದ್ದೆ ಕಡಿಮೆಯಾದರೆ, ಜ್ವರ ಬಂದರೆ, ಮನಸ್ಸಿಗೆ ಚಿಂತೆ ಹತ್ತಿದರೆ ಹೆಚ್ಚಾಗಬಹುದು. ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಬೆಳತನಕ ನಾಟಕ ನೋಡಿದ ಮಗು ಮರುದಿನ ರಾತ್ರಿ ಎದ್ದು ನಡೆಯಬಹುದು. ಅದು ದೇವಿಯ ಸಿಟ್ಟಲ್ಲ. ನಿದ್ದೆಗೇಡು.

ದೊಡ್ಡವರಾಗುತ್ತ ಬಹಳ ಮಕ್ಕಳಿಗೆ ಇದು ತಾನೇ ನಿಲ್ಲುತ್ತದೆ.

ನಾವು ಏನು ಮಾಡಬೇಕು?

ಹೊಡೀಬ್ಯಾಡ್ರಿ. ಜಗ್ಗಾಡಿ ಎಬ್ಬಿಸಬ್ಯಾಡ್ರಿ. ಎಬ್ಬಿಸಿದರೆ ಜೀವ ಹೋಗುತ್ತದೆ ಅನ್ನುವುದು ಸುಳ್ಳು. ಆದರೆ ಮಗು ಗಾಬರಿಯಾಗಬಹುದು. ಮೆಲ್ಲಗೆ ಕೈ ಹಿಡಿದು ಹಾಸಿಗೆಗೆ ಕರೆತನ್ನಿರಿ.

ಬೀಳದಂತೆ ಕಾಯುವುದೇ ದೊಡ್ಡ ಕೆಲಸ. ಬ್ಯಾಸಿಗಿಯಾಗ ಮಾಳಿಗೆ ಮೇಲೆ ಮಲಗುತ್ತೇವೆ. ಇಂಥ ಮಗುವನ್ನು ಕೆಳಗೆ ಮಲಗಿಸಿರಿ. ಮಗ್ಗದ ಕುಣಿಗೆ ಹಲಗೆ ಮುಚ್ಚಿರಿ. ಕುಡಗೋಲು, ಕೊಡಲಿ ಎತ್ತಿಡಿರಿ. ಬಾಗಿಲಿಗೆ ಗೆಜ್ಜೆ ಕಟ್ಟಿರಿ. ಬಾಗಿಲು ತೆರೆದರೆ ಸಪ್ಪಳ ಕೇಳುತ್ತದೆ.

ಈಗ ನೀವು ಕಲಿತ ಅಕ್ಷರ ಕೆಲಸಕ್ಕೆ ಬರುತ್ತದೆ. ಒಂದು ವಹಿ ಇಡಿರಿ. ಮಗ ಎಷ್ಟು ಗಂಟೆಗೆ ಮಲಗಿದ? ಎಷ್ಟು ಗಂಟೆಗೆ ಎದ್ದ? ಏನು ಮಾಡಿದ? ಬರೆಯಿರಿ. ದಿನಾ ಒಂದೇ ಹೊತ್ತಿಗೆ ಏಳುತ್ತಿದ್ದರೆ, ಅದಕ್ಕೆ 15 ನಿಮಿಷ ಮೊದಲು ಮೆಲ್ಲಗೆ ಎಬ್ಬಿಸಿರಿ. ಮತ್ತೆ ಮಲಗಿಸಿರಿ. ಕೆಲವು ವಾರ ಹೀಗೆ ಮಾಡಿದರೆ ಎಷ್ಟೋ ಮಕ್ಕಳಿಗೆ ಕಡಿಮೆಯಾಗುತ್ತದೆ.

ದೊಡ್ಡವರಿಗೆ ಬಂದರೆ?

ಕೆಲವು ನಿದ್ದೆ ಗುಳಿಗೆಯಿಂದಲೂ ಹೀಗೆ ಆಗಬಹುದು. ದೊಡ್ಡವರಿಗೆ ಹೊಸದಾಗಿ ಬಂದರೆ ಡಾಕ್ಟರಿಗೆ ತೋರಿಸಿರಿ. ದೊಡ್ಡವರಿರಲಿ, ಮಕ್ಕಳಿರಲಿ, ಕೈಕಾಲು ಸೆಟೆದರೆ, ನಾಲಿಗೆ ಕಚ್ಚಿಕೊಂಡರೆ ಅದು ಫಿಟ್ಸ್ ಇರಬಹುದು. ತಡ ಮಾಡಬ್ಯಾಡ್ರಿ. ಸರಕಾರಿ ಆಸ್ಪತ್ರೆಗೆ ಹೋಗಿರಿ. ವಹಿ ಸಂಗಡ ಒಯ್ಯಿರಿ. ಅದನ್ನು ನೋಡಿದರೆ ಡಾಕ್ಟರಿಗೆ ಬೇಗ ತಿಳಿಯುತ್ತದೆ. ಮನಸ್ಸಿನ ಚಿಂತೆ ಹೇಳಿಕೊಳ್ಳಲು ಸರಕಾರದ ಫೋನ್ ಇದೆ. ನಂಬರ್ 14416. 2022ರಲ್ಲಿ ಸುರುವಾಯಿತು. ರೊಕ್ಕ ಬೀಳುವುದಿಲ್ಲ.

ಕಡೆಗೆ ಒಂದು ಮಾತು. ಮಗ ಎದ್ದು ನಡೆದರೆ ತಾಯತ ಕಟ್ಟುತ್ತಾರೆ. ಸೊಸೆ ಎದ್ದು ನಡೆದರೆ? "ದೆವ್ವ ಬಡದೈತಿ" ಅಂತ ತವರಿಗೆ ಕಳಿಸುವವರೂ ಇದ್ದಾರೆ. ಸೊಸೆಗೂ ಅದೇ ನಿದ್ದೆ. ಅವಳದೂ ತಪ್ಪಿಲ್ಲ. ದೆವ್ವ ಬಿಡಿಸುತ್ತೇವೆ ಅಂತ ಕಟ್ಟಿಹಾಕುವುದು, ಹೊಡೆಯುವುದು ಅಪರಾಧ. ಅದಕ್ಕೆ ಕರ್ನಾಟಕದಲ್ಲಿ 2017ರ ಕಾಯ್ದೆ ಇದೆ.

ಮಗನಿರಲಿ, ಮಗಳಿರಲಿ, ಸೊಸೆಯಿರಲಿ, ರಾತ್ರಿ ಎದ್ದು ನಡೆದರೆ ಮೊದಲು ಕೈ ಹಿಡಿಯಿರಿ. ಮುಂಜಾನೆ ವಹಿ ತೆಗೆದು ಬರೆಯಿರಿ.