ಅಳಿವೆಯ ಅತಿಥಿಗಳು

ಸಭೆಯಲ್ಲಿ ನೆರೆದ ಘಟ್ಟದ ಮೇಲಿನ ಕೃಷಿಕರಿಗೆ ಕಡಲಕ್ಕಿ ದೂರದ ಸಂಗತಿಯೆನಿಸಬಹುದು. ಲಡಾಖ್, ಟಿಬೆಟ್‌ಗಳ ಸರೋವರಗಳಲ್ಲಿ ಮರಿಮಾಡಿದ ಕಂದುತಲೆಯ ಕಡಲಕ್ಕಿಗಳು ಮಳೆಗಾಲ ಮುಗಿದ ಮೇಲೆ ಅಘನಾಶಿನಿಯ ಅಳಿವೆಗೆ ಬರುತ್ತವೆ. ಗಾಳಿ ಬಿರುಸಾದಾಗ ಮರಳದಿಣ್ಣೆಯ ಮೇಲೆ ಗಾಳಿಗೇ ಮುಖವಿತ್ತು ಸಾಲಾಗಿ ಕೂರುವುದು ನೋಡತಕ್ಕ ನೋಟ. ವಲಸೆಯ ಪುಟ್ಟ ಗೊರವಗಳಿಗಾದರೋ ಅಷ್ಟು ಬಿಡುವಿಲ್ಲ. ಇಳಿತದ ಕೆಲವೇ ತಾಸುಗಳಲ್ಲಿ ಕೆಸರು ಕೆದಕಿ ಹೊಟ್ಟೆ ತುಂಬಿಸಿಕೊಳ್ಳಬೇಕು. ಬಳಚು ಆರಿಸುವ ಹೆಂಗಸರ ಸಂಸಾರ ನಡೆಯುವುದೂ ಆ ಕೆಸರಿನಿಂದಲೇ.

ಶಿರಸಿಯಲ್ಲಿ ಹುಟ್ಟುವ ಈ ನದಿಗೆ ದೊಡ್ಡ ಅಣೆಕಟ್ಟು ಇಲ್ಲ. ಆದ್ದರಿಂದಲೇ ಘಟ್ಟದ ಮಣ್ಣು, ಸಿಹಿನೀರು ಅಳಿವೆಯವರೆಗೆ ತಲಪುತ್ತವೆ. 2024ರಲ್ಲಿ ಅಳಿವೆಗೆ ರಾಮ್ಸಾರ್ ಮನ್ನಣೆಯೇನೋ ದೊರೆಯಿತು. ಇತ್ತ ನದಿ ತಿರುವಿನ ಪರ ವಾದಿಸುವವರು ಸಮುದ್ರ ಸೇರುವ ನೀರನ್ನೆಲ್ಲ ವ್ಯರ್ಥವೆನ್ನುತ್ತಾರೆ. ಅವರ ಲೆಕ್ಕದಲ್ಲಿ ಬಳಚೂ ಇಲ್ಲ, ಗೊರವವೂ ಇಲ್ಲ.