ಹಂಚಿಕೆ ಹೂಡುವ ಪಾಠ: ಪ್ರಶ್ನೆ ಯಾರದು?

(ಗೊಳಸಂಗಿಯಲ್ಲಿ ಗಿರಣಿ ಕೆಲಸಗಾರರು ಹಾಗೂ ಸಣ್ಣ ವ್ಯಾಪಾರಸ್ಥರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ವಿಷಯ ಕೇಳಿ ನಿಮ್ಮಲ್ಲಿ ಕೆಲವರು ಹುಬ್ಬೇರಿಸಿರಬಹುದು. ಕೂಲಿಯ ದರ, ಬೋನಸ್ಸು, ಜಿ.ಎಸ್.ಟಿ.ಯ ತಾಪತ್ರಯ ಇವನ್ನೆಲ್ಲ ಬಿಟ್ಟು, ಇಂಜಿನಿಯರಿಂಗ್ ಕಾಲೇಜಿನ ಒಂದು ಪಾಠದ ಬಗೆಗೆ ಮಾತಾಡಲು ಪಕ್ಷದವರು ಏಕೆ ಬಂದರು ಎಂದು. ಕಾರಣ ಸರಳವಾಗಿದೆ. ಆ ಪಾಠಕ್ಕೆ ಕೂಡ್ರುವವರು ನಿಮ್ಮ ಮಕ್ಕಳು. ಫೀಜು ಕಟ್ಟುವವರು ನೀವು. ನಾಳೆ ಅಲ್ಲಿಂದ ಹೊರಬೀಳುವ ಯಂತ್ರ ಬಂದು ನಿಲ್ಲುವುದು ನಿಮ್ಮ ಗಿರಣಿಯಲ್ಲಿ, ನಿಮ್ಮ ಅಂಗಡಿಯ ಮುಂದೆ. ಹೀಗಿರುವಾಗ ಆ ಪಾಠದಲ್ಲಿ ಏನು ನಡೆಯುತ್ತದೆಂಬುದನ್ನು ಕೇಳುವ ಹಕ್ಕು ನಿಮಗಿಲ್ಲದೆ ಇನ್ನಾರಿಗಿದೆ?

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 1998ರಲ್ಲಿ ಸ್ಥಾಪನೆಯಾಯಿತು. 2021ರ ಪಠ್ಯಕ್ರಮದಲ್ಲಿ ಅದು ಮೊದಲನೆಯ ವರ್ಷದ ಹುಡುಗರಿಗೆ ‘ಇನ್ನೋವೇಶನ್ ಅಂಡ್ ಡಿಸೈನ್ ಥಿಂಕಿಂಗ್’ ಎಂಬ ಒಂದು ಪಾಠವನ್ನು ಇಟ್ಟಿತು. 2022ರ ಪಠ್ಯಕ್ರಮದಲ್ಲಿಯೂ ಅದನ್ನು ಉಳಿಸಿತು. ಹುಬ್ಬಳ್ಳಿಯಲ್ಲಿ 1947ರಲ್ಲಿ ಆರಂಭವಾದ ಭೂಮರಡ್ಡಿ ಕಾಲೇಜು ಇಂದು ತಾನೇ ಒಂದು ವಿಶ್ವವಿದ್ಯಾಲಯವಾಗಿದೆ. ಅಲ್ಲಿಯೂ ಮೊದಲ ವರ್ಷಕ್ಕೇ ಹುಡುಗರನ್ನು ಗುಂಪು ಮಾಡಿ, ಒಂದು ಕಷ್ಟವನ್ನು ಅವರ ಮುಂದಿಟ್ಟು, ಇದಕ್ಕೆ ದಾರಿ ಹುಡುಕಿರಿ ಎನ್ನುವ ಕಲಿಕೆ ಬಂದಿದೆ.

ಪಾಠದ ಸಾರ ಇಷ್ಟು. ಕಷ್ಟದಲ್ಲಿರುವವನ ಜಾಗದಲ್ಲಿ ನಿಂತು ನೋಡು. ಆ ಕಷ್ಟ ಏನೆಂಬುದನ್ನು ಒಂದು ಮಾತಿನಲ್ಲಿ ಹೇಳು. ಒಂದಲ್ಲ, ಹಲವು ಉಪಾಯ ಹುಡುಕು. ರಟ್ಟಿನಲ್ಲೋ ಬಿದಿರಿನಲ್ಲೋ ಕಚ್ಚಾ ಮಾದರಿ ಮಾಡು. ಬಳಸುವವನ ಕೈಗೆ ಕೊಟ್ಟು ನೋಡಿ, ತಿದ್ದು. ಇದನ್ನೆಲ್ಲ ಒಬ್ಬನೇ ಮಾಡಬೇಡ, ನಾಲ್ಕೈದು ಜನ ಕೂಡಿ ಮಾಡಿರಿ. ಇದರಲ್ಲಿ ನಮಗೆ ತಿಳಿಯದ್ದೇನೂ ಇಲ್ಲ. ನಮ್ಮ ಕಡೆ ಉಪಾಯಕ್ಕೆ ‘ಹಂಚಿಕೆ’ ಎನ್ನುತ್ತಾರೆ. ಪಾಲು ಮಾಡಿಕೊಳ್ಳುವುದಕ್ಕೂ ಅದೇ ಮಾತು. ಎರಡಕ್ಕೂ ಒಂದೇ ಮಾತು ಇಟ್ಟವರು ದಡ್ಡರಲ್ಲ.

ನಾನು ಈ ಪಾಠವನ್ನು ಹಳಿಯಲು ಬಂದವನಲ್ಲ. ನಮ್ಮ ಸಾಲಿಗಳಲ್ಲಿ ಪಕ್ಕದವನ ಪಾಟಿ ನೋಡಿದರೆ ಛಡಿಯೇಟು ಬೀಳುತ್ತಿತ್ತು. ಕೂಡಿ ಮಾಡಿದ ಕೆಲಸಕ್ಕೆ ಗುಣ ಕೊಡುತ್ತೇನೆಂದು ಒಂದು ವಿಶ್ವವಿದ್ಯಾಲಯ ಹೇಳುವುದು ಸ್ವಾಗತಾರ್ಹ. ಆದರೆ 2022ರ ಪಠ್ಯಕ್ರಮದಲ್ಲಿ ಇದೇ ಪಾಠದ ಕೊನೆಯ ಪರೀಕ್ಷೆ ಹೇಗಿತ್ತು ಗೊತ್ತೆ? ಒಂದು ತಾಸು, 50 ಪ್ರಶ್ನೆ, ಕೊಟ್ಟ ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವುದು. ಕೂಡಿ ಯೋಚಿಸಲು ಕಲಿಸಿ, ಒಬ್ಬೊಬ್ಬನನ್ನೇ ಬೇರೆ ಬೇರೆ ಬಾಕಿನ ಮೇಲೆ ಕೂಡ್ರಿಸಿ, ಬೇರೆಯವರು ಬರೆದ ಉತ್ತರಕ್ಕೆ ಗೆರೆ ಎಳೆಸುವುದು! ಈಸು ಕಲಿತನೋ ಇಲ್ಲವೋ ಎಂಬುದನ್ನು ದಂಡೆಯ ಮೇಲೆ ನಿಲ್ಲಿಸಿ ಕೇಳಿದ ಹಾಗೆ.

ಅದು ಸಣ್ಣ ಮಾತು. ದೊಡ್ಡ ಮಾತು ಬೇರೆ ಇದೆ. ಗುಂಪಿನ ಮುಂದೆ ಇಡುವ ಪ್ರಶ್ನೆ ಯಾರದು?

ನಿಮ್ಮ ಕೆಲಸದಿಂದಲೇ ಉದಾಹರಣೆ ಕೊಡುತ್ತೇನೆ. ಅಡತಿ ಅಂಗಡಿಯ ಮುಂದೆ ಲಾರಿ ನಿಂತಿದೆ. ಹಮಾಲರು ಬೆನ್ನ ಮೇಲೆ ಚೀಲ ಹೊತ್ತು ಹಲಗೆ ಏರುತ್ತಿದ್ದಾರೆ. ಕಾಲೇಜಿನ ಒಂದು ಗುಂಪು ಬಂದು ಇದನ್ನು ನೋಡಿತೆನ್ನಿ. ಅವರು ಮಾಲಿಕನನ್ನು ಕೇಳಿದರೆ ಆತ ಹೇಳುವ ಪ್ರಶ್ನೆ ಇದು: “ಎಂಟು ಜನ ಮಾಡುವ ಕೆಲಸ ಇಬ್ಬರಿಂದ ಆಗುವುದು ಹೇಗೆ?” ಹಮಾಲನನ್ನು ಕೇಳಿದರೆ ಆತನ ಪ್ರಶ್ನೆ ಇದು: “ನಲವತ್ತು ದಾಟುವುದರೊಳಗೆ ನನ್ನ ಸೊಂಟ ಬೀಳದ ಹಾಗೆ ಈ ಚೀಲ ಲಾರಿ ಏರುವುದು ಹೇಗೆ?” ನೋಡಿರಿ, ಚೀಲ ಒಂದೇ, ಲಾರಿ ಒಂದೇ, ಹುಡುಗರ ಬುದ್ಧಿಯೂ ಒಂದೇ. ಮೊದಲನೆಯ ಪ್ರಶ್ನೆಯಿಂದ ಹುಟ್ಟುವುದು ದುಬಾರಿ ಪಟ್ಟಿಯ ಯಂತ್ರ, ಜೊತೆಗೆ ಆರು ಜನರ ಮನೆಯಲ್ಲಿ ಆರಿದ ಒಲೆ. ಎರಡನೆಯದರಿಂದ ಹುಟ್ಟುವುದು ಸೊಂಟದ ಎತ್ತರಕ್ಕೆ ಕಟ್ಟಿದ ಒಂದು ಕಟ್ಟೆ ಆಗಬಹುದು, ರಾಟೆ ಕಟ್ಟಿದ ಎತ್ತುಗ ಆಗಬಹುದು, ಅಥವಾ ಚೀಲವನ್ನೇ ಸಣ್ಣದು ಮಾಡುವ ಕರಾರು ಆಗಬಹುದು. ಕೊನೆಯದಕ್ಕೆ ಒಂದು ಮೊಳೆಯೂ ಬೇಕಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿಯೇ ಶಿಫಾರಸು ಮಾಡಿತು: ಗಂಡಾಳು ಹೊರುವ ಭಾರ 55 ಕಿಲೋ ಮೀರಿದ್ದಲ್ಲಿ ಬೇಗನೆ ಆ ಮಟ್ಟಕ್ಕೆ ಇಳಿಸಬೇಕು ಎಂದು. ಕ್ವಿಂಟಲ್ ಚೀಲ ಹೊತ್ತ ಬೆನ್ನುಗಳು ಈ ಸಭೆಯಲ್ಲಿಯೇ ಎಷ್ಟಿವೆ, ನೀವೇ ಎಣಿಸಿರಿ.

ಮುಂದಿನ ಸಾಲಿನ ಹಿರಿಯರು ಏನೋ ಕೇಳುತ್ತಿದ್ದಾರೆ. “ಯಾವ ಯಂತ್ರ ಬಂದ್ರೂ ನಮ್ಮ ಹೊಟ್ಟೀ ಮ್ಯಾಲ ಬರತೈತಲ್ರೀ?” ಎನ್ನುತ್ತಾರೆ. ಅವರ ಅನುಭವವನ್ನು ಅಲ್ಲಗಳೆಯಲಾರೆ. ಆದರೆ ಯಂತ್ರ ಬೇಡವೆನ್ನುವುದು ನಮ್ಮ ಪಕ್ಷದ ಮಾತಲ್ಲ. 1952ರಲ್ಲಿ ಪಚ್‌ಮಢಿಯ ಸಮ್ಮೇಲನದಲ್ಲಿ ಲೋಹಿಯಾ ಅವರು ಸಣ್ಣ ಯಂತ್ರದ ವಿಚಾರವನ್ನು ಮುಂದಿಟ್ಟರು. ಅಮೆರಿಕದ್ದಾಗಲಿ ರಶಿಯದ್ದಾಗಲಿ, ಭಾರಿ ಬಂಡವಲು ಬೇಡುವ ದೈತ್ಯ ಯಂತ್ರವನ್ನು ನಕಲು ಮಾಡಿ ನಮ್ಮ ಬಡತನ ಹೋಗದು. ಹಳ್ಳಿಯವರೂ ಪಟ್ಟಣದವರೂ ತಮ್ಮ ಕೈಯಲ್ಲಿಟ್ಟುಕೊಂಡು ನಡೆಸಬಲ್ಲ ಯಂತ್ರ ಬೇಕು ಎಂಬುದು ಅವರ ವಾದ. ಅಂಥ ಯಂತ್ರವನ್ನು ಕಂಡುಹಿಡಿಯುವವರು ಯಾರು? ಇದೇ ಹುಡುಗರು ಆಗಬೇಕಲ್ಲವೆ?

ಪ್ರಶ್ನೆ ತಪ್ಪಿದರೆ ಏನಾಗುತ್ತದೆ, ತಿದ್ದಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲಿಯೇ ಸಾಕ್ಷಿ ಇದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಆರಂಭವಾಯಿತು. ವಿಜ್ಞಾನವನ್ನು ಹಳ್ಳಿಯ ಕೆಲಸಕ್ಕೆ ಹಚ್ಚುವುದು ಅದರ ಉದ್ದೇಶ. ಹೊಗೆ ಕಡಿಮೆ, ಸೌದೆ ಕಡಿಮೆ ಬೇಡುವ ಅಸ್ತ್ರ ಒಲೆ ಅವರದೇ. ಅವರು ತುಮಕೂರು ಜಿಲ್ಲೆಯ ಪುರ ಎಂಬ ಸಣ್ಣ ಊರಿನಲ್ಲಿ ಊರಿಗೆಲ್ಲ ಕೂಡಿ ಒಂದು ಸಗಣಿ ಅನಿಲದ ಸ್ಥಾವರ ಹಾಕಿದರು. ಮನೆಮನೆಗೆ ಅಡಿಗೆಯ ಅನಿಲ ಕೊಡಬೇಕೆಂಬುದು ಮೊದಲಿನ ಲೆಕ್ಕ. ಅನಿಲ ಸಾಲಲಿಲ್ಲ. ಎಲ್ಲ ಮನೆಯ ಎಲ್ಲ ಹೊತ್ತಿನ ಅಡಿಗೆಗೆ ಆಗುವಷ್ಟು ಸಗಣಿ ಊರಲ್ಲಿ ಇರಲಿಲ್ಲ. ಬೇರೆಯವರಾಗಿದ್ದರೆ ವರದಿ ಬರೆದು ಗಂಟುಮೂಟೆ ಕಟ್ಟುತ್ತಿದ್ದರು. ಇವರು ಊರವರಿಗೆ ಮೊದಲು ಬೇಕಾದದ್ದು ಏನೆಂಬುದನ್ನು ನೋಡಿದರು. ಊರಿಗೆ ಬೇಕಾಗಿದ್ದದ್ದು ಕುಡಿಯುವ ಒಳ್ಳೆಯ ನೀರು, ರಾತ್ರಿಗೆ ಬೆಳಕು.

ಆಗ ಅದೇ ಅನಿಲವನ್ನು ಎಂಜಿನಿಗೆ ಹಚ್ಚಿದರು. 1987ರಿಂದ ಆ ಎಂಜಿನು ವಿದ್ಯುತ್ತು ಕೊಟ್ಟಿತು. ಕೊಳವೆ ಬಾವಿಯ ನೀರು ನಳಕ್ಕೆ ಬಂತು, ಮನೆಗಳಲ್ಲಿ ದೀಪ ಉರಿಯಿತು. ಸಗಣಿ ತಂದು ಹಾಕಿದವರಿಗೆ ತೂಕದ ಮೇಲೆ ಹಣ, ಉಳಿದ ಗೊಬ್ಬರ ಅವರವರ ಪಾಲಿಗೆ ವಾಪಸು. ಹಲವು ವರ್ಷ ಇದು ನಡೆಯಿತು. ಪಂಡಿತರು ಅದೇ, ಸ್ಥಾವರ ಅದೇ, ದನಗಳೂ ಅವೇ. ಬದಲಾದದ್ದು ಪ್ರಶ್ನೆ ಮಾತ್ರ.

ನಿಮ್ಮ ಊರಿನ ಮಗ್ಗುಲಿಗೇ ಕೂಡಗಿ ಇದೆ. 2,400 ಮೆಗಾವಾಟಿನ ಸ್ಥಾವರ. ಲೆಕ್ಕ ಹಾಕುವ ಇಂಜಿನಿಯರುಗಳಿಗೆ ಅಲ್ಲಿ ಕೊರತೆ ಇತ್ತೆ? ಆದರೂ 2014ರ ಜುಲೈಯಲ್ಲಿ ರೈತರು ಬೀದಿಗಿಳಿದರು, ಪೋಲೀಸರ ಗುಂಡು ಹಾರಿತು. ಬೂದಿ ಎಲ್ಲಿ ಬೀಳುತ್ತದೆ, ನೀರು ಯಾರ ಪಾಲಿನದು ಎಂಬ ಪ್ರಶ್ನೆ ನಕ್ಷೆ ಬರೆಯುವ ಮೇಜಿಗೆ ಮೊದಲೇ ಬಂದಿದ್ದರೆ ಎಂದು ಕೇಳದಿರಲು ನನ್ನಿಂದಾಗದು. ಹೆಚ್ಚು ಹೇಳುವುದಿಲ್ಲ, ಆ ಕಥೆ ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಇಷ್ಟೆಲ್ಲ ಕೇಳಿ, ‘ಪ್ರಶ್ನೆ ನಮ್ಮದು, ಬುದ್ಧಿ ಕಾಲೇಜಿನವರದು’ ಎಂದುಕೊಳ್ಳಬೇಡಿರಿ. ಬುದ್ಧಿಯೂ ನಿಮ್ಮದಿದೆ. ಇಂಗ್ಲೆಂಡಿನ ಲೂಕಸ್ ಏರೋಸ್ಪೇಸ್ ಎಂಬ ವಿಮಾನದ ಬಿಡಿಭಾಗಗಳ ಕಂಪನಿಯಲ್ಲಿ ಕೆಲಸಗಾರರನ್ನು ತೆಗೆಯುವ ಮಾತು ಬಂತು. ಅವರು ಬಾಗಿಲ ಮುಂದೆ ಕೂತು ಘೋಷಣೆ ಕೂಗುವುದರಲ್ಲಿಯೇ ನಿಲ್ಲಲಿಲ್ಲ. ಯುದ್ಧದ ಸಾಮಾನಿನ ಬದಲು ಜನಕ್ಕೆ ಬೇಕಾದದ್ದನ್ನು ಇದೇ ಯಂತ್ರಗಳಿಂದ ಮಾಡಬಹುದೆ ಎಂದು ಪಂಡಿತರಿಗೂ ಸಂಸ್ಥೆಗಳಿಗೂ 180 ಪತ್ರ ಬರೆದರು. ಉತ್ತರ ಕೊಟ್ಟವರು ಬೆರಳೆಣಿಕೆಯಷ್ಟು. ಆಮೇಲೆ ತಮ್ಮವರನ್ನೇ ಕೇಳಿದರು: ನಿಮಗೆ ಏನು ಮಾಡಲು ಬರುತ್ತದೆ, ಏನು ಮಾಡಬೇಕೆನ್ನಿಸುತ್ತದೆ? 1976ರಲ್ಲಿ ಸುಮಾರು 150 ವಸ್ತುಗಳ ಯೋಜನೆ ಸಿದ್ಧವಾಯಿತು. ಮೂತ್ರಪಿಂಡದ ರೋಗಿಗಳಿಗೆ ಯಂತ್ರ, ನಡೆಯಲಾರದ ಮಕ್ಕಳಿಗೆ ತಾವೇ ನಡೆಸಿಕೊಳ್ಳುವ ಗಾಡಿ, ರಸ್ತೆಯ ಮೇಲೂ ಹಳಿಯ ಮೇಲೂ ಓಡುವ ಬಸ್ಸು. ಕಂಪನಿ ಅದನ್ನು ಒಪ್ಪಲಿಲ್ಲ; ಮುಂದಾಳುಗಳಲ್ಲಿ ಒಬ್ಬರಾದ ಮೈಕ್ ಕೂಲಿಯವರನ್ನು 1981ರಲ್ಲಿ ಕೆಲಸದಿಂದ ತೆಗೆಯಿತು. ಗೆದ್ದರೆಂದು ನಾನು ಹೇಳುತ್ತಿಲ್ಲ. ಆದರೆ ಪಂಡಿತರು ಸುಮ್ಮನಿದ್ದಾಗ 150 ಉತ್ತರ ಬಂದದ್ದು ಎಲ್ಲಿಂದ ಎಂಬುದನ್ನು ಗಮನಿಸಿರಿ.

ಇನ್ನು ಗುಂಪಿನ ಒಳಗಿನ ಮಾತು. ಐದು ಜನರ ಗುಂಪೆಂದರೆ ಏನಾಗುತ್ತದೆಂಬುದು ಮಕ್ಕಳನ್ನು ಓದಿಸುವವರಿಗೆಲ್ಲ ಗೊತ್ತು. ಒಬ್ಬ ದುಡಿಯುತ್ತಾನೆ, ಒಬ್ಬ ರೊಕ್ಕ ಹಾಕುತ್ತಾನೆ, ಒಬ್ಬ ಪ್ರದರ್ಶನದ ದಿನ ಮುಂದೆ ನಿಂತು ಇಂಗ್ಲಿಷಿನಲ್ಲಿ ಮಾತಾಡುತ್ತಾನೆ, ಹುಡುಗಿಗೆ ವರದಿಯನ್ನು ಅಂದವಾಗಿ ಬರೆಯುವ ಕೆಲಸ, ಐದನೆಯವ ಚಹಾ ತರುತ್ತಾನೆ. ಗುಣ ಮಾತ್ರ ಐವರಿಗೂ ಸರಿಸಮ. ಇದನ್ನು ಸಮತೆ ಎಂದು ಯಾರಾದರೂ ಕರೆದರೆ ಒಪ್ಪಬೇಡಿರಿ. ಕಡೆಗೆ ಚಹಾ ತರುವವನು ಯಾವ ಓಣಿಯವನು ಎಂಬುದನ್ನೂ ನೋಡಿಕೊಳ್ಳಿರಿ.

ಇದಕ್ಕೆ ಮದ್ದು ಇಲ್ಲದಿಲ್ಲ. ಅಮೆರಿಕದ ಆಸ್ಟಿನ್ ನಗರದಲ್ಲಿ 1971ರಲ್ಲಿ ಕರಿಯ, ಬಿಳಿಯ ಮತ್ತು ಮೆಕ್ಸಿಕೋ ಮೂಲದ ಮಕ್ಕಳನ್ನು ಒಂದೇ ತರಗತಿಯಲ್ಲಿ ಕೂಡ್ರಿಸಿದಾಗ ಜಗಳ ಹತ್ತಿತು. ಎಲಿಯಟ್ ಆರನ್‌ಸನ್ ಎಂಬ ಪ್ರಾಧ್ಯಾಪಕರು ಒಂದು ಹಂಚಿಕೆ ಹೂಡಿದರು. ಪಾಠವನ್ನು ತುಂಡು ಮಾಡಿ, ಗುಂಪಿನ ಒಬ್ಬೊಬ್ಬ ಮಗುವಿಗೆ ಒಂದೊಂದು ತುಂಡು ಕೊಟ್ಟರು. ಉಳಿದವರು ಅದನ್ನು ಆ ಮಗುವಿನಿಂದಲೇ ಕಲಿಯಬೇಕು, ಬೇರೆ ದಾರಿಯಿಲ್ಲ. ನಿನ್ನೆ ಹೀಯಾಳಿಸಿದವನ ಮಾತಿಗೆ ಇಂದು ಕಿವಿಗೊಡಲೇಬೇಕಾಯಿತು. ನಮ್ಮ ಕಾಲೇಜುಗಳಲ್ಲಿಯೂ ಕೆಲಸ ಸರದಿಯಂತೆ ಬದಲಾಗಲಿ. ಈ ವಾರ ಬರೆದವಳು ಮುಂದಿನ ವಾರ ಸ್ಪ್ಯಾನರ್ ಹಿಡಿಯಲಿ. ಗುಂಪಿನ ಯಾರನ್ನಾದರೂ ಎಬ್ಬಿಸಿ, ಕೆಲಸದ ಯಾವ ಭಾಗವನ್ನಾದರೂ ಮಾಸ್ತರರು ಕೇಳಲಿ.

ಇನ್ನೊಂದು ಸೂಕ್ಷ್ಮವಿದೆ. ಎಲ್ಲರೂ ಸುತ್ತ ಕೂತು ಬಾಯಿಗೆ ಬಂದ ಉಪಾಯ ಹೇಳುತ್ತ ಹೋದರೆ ಹೊಸತು ಹುಟ್ಟುತ್ತದೆಂದು ಆಸ್ಬೋರ್ನ್ ಎಂಬ ಜಾಹೀರಾತಿನ ವ್ಯಾಪಾರಿ ಪ್ರಚಾರ ಮಾಡಿದ್ದ. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಪರೀಕ್ಷಿಸಿ ನೋಡಿದರು. ನಾಲ್ವರು ಬೇರೆ ಬೇರೆ ಕೂತು ಬರೆದದ್ದನ್ನು ಕೂಡಿಸಿದರೆ, ನಾಲ್ವರು ಒಟ್ಟಿಗೆ ಕೂತು ಹೇಳಿದ್ದಕ್ಕಿಂತ ಹೆಚ್ಚು ಉಪಾಯಗಳಿದ್ದವು. ನಮ್ಮ ಸಂಘದ ಸಭೆಗಳಲ್ಲಿಯೂ ಇದು ಉಪಯೋಗಕ್ಕೆ ಬರುತ್ತದೆ. ದೊಡ್ಡ ದನಿಯವನು ಬಾಯಿ ತೆರೆಯುವ ಮೊದಲು ಎಲ್ಲರೂ ಒಂದೊಂದು ಚೀಟಿ ಬರೆದಿಡಲಿ.

ಪಾಲಕರಿಗೆ ಒಂದು ಖಾರದ ಮಾತು. ತಯಾರಾದ ಪ್ರೊಜೆಕ್ಟುಗಳನ್ನು ಮಾರುವ ಅಂಗಡಿಗಳಿವೆ. ಹುಡುಗ ಮನೆಗೆ ಬಂದು ‘ಅಪ್ಪಾ, ಪ್ರೊಜೆಕ್ಟಿಗೆ ಇಷ್ಟು ಸಾವಿರ’ ಎಂದರೆ, ಸಾಲ ಮಾಡಿ ಕೊಡುವ ಮುಂಚೆ ಕೇಳಿರಿ: ಇದು ಯಾರ ಕಷ್ಟಕ್ಕೆ ಮದ್ದು, ಅವರನ್ನು ನೀನು ಕಂಡು ಬಂದೆಯಾ? ಬೆಂಗಳೂರಿನ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು 1977ರಿಂದ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರೊಜೆಕ್ಟುಗಳಿಗೆ ಧನಸಹಾಯ ಕೊಡುತ್ತ ಬಂದಿದೆ. ಆ ದಾರಿಯನ್ನು ಮಾಸ್ತರರಿಂದ ಕೇಳಿ ತಿಳಿದುಕೊಳ್ಳಲು ಮಗನಿಗೆ ಹೇಳಿರಿ.

ವ್ಯಾಪಾರಸ್ಥರು ಬಹಳ ಹೊತ್ತು ಸುಮ್ಮನೆ ಕೂತಿದ್ದೀರಿ. ಕೊಲ್ಹಾರದ ಗಟ್ಟಿ ಮೊಸರನ್ನು ನೀವೆಲ್ಲ ಬಲ್ಲಿರಿ. ಮಣ್ಣಿನ ಗಡಿಗೆ ನೀರು ಹೀರಿಕೊಳ್ಳುತ್ತದೆ, ಮೊಸರು ಗಟ್ಟಿಯಾಗುತ್ತದೆ. ಆದರೆ ಗಡಿಗೆ ಭಾರ, ದಾರಿಯಲ್ಲಿ ಒಡೆಯುತ್ತದೆ. ಕಾಲೇಜಿನ ಹುಡುಗ ಪ್ಲಾಸ್ಟಿಕ್ ಡಬ್ಬಿ ತೋರಿಸಬಹುದು. ಮೊಸರು ಮಾರುವ ತಾಯಿ ಒಂದೇ ಮಾತಿನಲ್ಲಿ ಅದನ್ನು ಹೊಡೆದುಹಾಕುತ್ತಾಳೆ: “ಅದರಾಗ ನೀರು ಒಡೀತೈತಿ ತಮ್ಮಾ.” ಆ ತಾಯಿ ಗುಂಪಿನಲ್ಲಿ ಮೊದಲ ದಿನದಿಂದಲೇ ಇದ್ದರೆ ಹುಡುಗರ ಒಂದು ತಿಂಗಳು ಉಳಿಯುತ್ತದೆ. ಉಪಾಯ ಸಿಕ್ಕರೆ ಅದರಲ್ಲಿ ಅವಳ ಹೆಸರೂ ಇರಬೇಕು, ಲಾಭ ಬಂದರೆ ಪಾಲೂ ಇರಬೇಕು.

ಆದ್ದರಿಂದ ನಮ್ಮ ಸೂಚನೆ ಇದು. ಗಿರಣಿಯಲ್ಲಿ ಒಂದು, ಬಜಾರದಲ್ಲಿ ಒಂದು ನೋಟುಬುಕ್ಕು ಇಡೋಣ. ದಿನದ ಕೆಲಸದಲ್ಲಿ ಕೈ ಎಲ್ಲಿ ಸಿಗುತ್ತದೆ, ಮಾಲು ಎಲ್ಲಿ ಕೆಡುತ್ತದೆ, ಧೂಳು ಎಲ್ಲಿ ಮೂಗಿಗೆ ಹೊಡೆಯುತ್ತದೆ, ಬರೆಯಿರಿ. ವಿಜಯಪುರದಲ್ಲಿ 1980ರಲ್ಲಿ ಆರಂಭವಾದ ಹಳಕಟ್ಟಿಯವರ ಹೆಸರಿನ ಕಾಲೇಜಿದೆ, ಬಾಗಲಕೋಟೆಯಲ್ಲಿ 1963ರ ಬಸವೇಶ್ವರ ಕಾಲೇಜಿದೆ. ಆ ಪುಸ್ತಕ ಹಿಡಿದು ಎರಡೂ ಕಡೆ ಹೋಗೋಣ. ಬರೀ ಪ್ರಶ್ನೆ ಕೊಟ್ಟು ಬರುವುದಲ್ಲ. ನಮ್ಮವರೊಬ್ಬರು ಗುಂಪಿನಲ್ಲಿ ಕೂಡ್ರಬೇಕು, ಮಾದರಿಯನ್ನು ಇಲ್ಲಿಗೆ ತಂದು ನಮ್ಮ ಕೈಯಿಂದ ನಡೆಸಿ ನೋಡಬೇಕು, ಅದರಿಂದ ಯಾರ ಕೆಲಸವಾದರೂ ಹೋಗುವುದಿದ್ದರೆ ಮೊದಲೇ ಹೇಳಬೇಕು ಎಂಬ ಮೂರು ಕರಾರು ಹಾಕೋಣ.

ಮೊದಲನೆಯ ಪುಸ್ತಕ ಬಾಗಿಲ ಹತ್ತಿರದ ಮೇಜಿನ ಮೇಲಿದೆ. ಬರೆಯಲು ಬಾರದವರು ಬಾಯಿಂದ ಹೇಳಿದರೂ ಸಾಕು, ಬರೆದುಕೊಳ್ಳಲು ಇಬ್ಬರು ಹುಡುಗಿಯರು ಕೂತಿದ್ದಾರೆ. ಹಮಾಲರ ಪಾಳಿ ಬೇಗ ಇದೆಯಂತೆ, ಅವರನ್ನು ಮೊದಲು ಬಿಡಿರಿ.