ಬೆಕ್ಕಿನ ಕೊರಳಿಗೆ ಕರೆಂಟು ಬೇಕಾ?

ಇವತ್ತಿನ ಮಾತು ಬೆಕ್ಕಿನ ಬಗ್ಗೆ. ನಗಬೇಡಿ! ನಿಮ್ಮಲ್ಲಿ ಎಷ್ಟು ಜನರ ಮನೇಲಿ ಬೆಕ್ಕಿದೆ, ಕೈ ಎತ್ತಿ ನೋಡೋಣ. ಹಾಂ, ನಾನು ಅಂದ್ಕೊಂಡಿದ್ದಕ್ಕಿಂತ ಜಾಸ್ತಿನೇ ಇದ್ದೀರಿ. ಈಗ ಅದರಲ್ಲಿ ಎಷ್ಟು ಜನ ಮೂರನೇ ಮಹಡಿಗಿಂತ ಮೇಲಿದ್ದೀರಿ? ಕೈ ಇಳೀಲೇ ಇಲ್ಲ ನೋಡಿ. ಅದೇ ಸಮಸ್ಯೆ.

ನಾನಿರೋದು ಪುಣೆಯ ವಾಕಡ್‌ನಲ್ಲಿ, ಏಳನೇ ಮಹಡಿ. ಮೂಲ ಸಾಗರದ ಕಡೆ ಒಂದು ಹಳ್ಳಿ. ಊರಿನ ಮನೇಲಿ ಬೆಕ್ಕನ್ನು ಯಾರೂ ಸಾಕ್ತಿರಲಿಲ್ಲ, ಅದು ಇರ್ತಿತ್ತು ಅಷ್ಟೇ. ಹಾಲು ಕರೆಯೋ ಹೊತ್ತಿಗೆ ಕೊಟ್ಟಿಗೆಗೆ ಬರೋದು, ಅಟ್ಟದ ಮೇಲೆ ಮರಿ ಹಾಕೋದು, ಮನಸ್ಸು ಬಂದಾಗ ಒಲೆ ಪಕ್ಕ ಮಲಗೋದು. ಅದನ್ನ ಬಾಗಿಲು ಹಾಕಿ ಒಳಗಿಟ್ಕೋಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ.

2020ರ ಲಾಕ್‌ಡೌನ್‌ನಲ್ಲಿ ನಮ್ಮ ಬಿಲ್ಡಿಂಗಿನ ಪಾರ್ಕಿಂಗ್‌ನಲ್ಲಿ ಒಂದು ಬೂದು ಬಣ್ಣದ ಮರಿ ಸಿಕ್ತು. ಹೆಸರು ಬೂದಿ. ದೊಡ್ಡದಾದ ಮೇಲೆ ಬೂದಿಗೆ ಒಂದೇ ಹುಚ್ಚು, ಪಾರಿವಾಳ. ಒಂದು ದಿನ ಬೆಳಗ್ಗೆ ನಾನು ಸ್ಟ್ಯಾಂಡಪ್ ಕಾಲ್‌ನಲ್ಲಿದ್ದೆ. ಬಾಲ್ಕನಿ ಕಡೆ ತಿರುಗಿ ನೋಡಿದ್ರೆ ಬೂದಿ ಕಟ್ಟೆ ಮೇಲಿಲ್ಲ, ಪಕ್ಕದ ಮನೆಯ ಏಸಿ ಔಟ್‌ಡೋರ್ ಯೂನಿಟ್ ಮೇಲೆ ಕೂತಿದೆ. ಕೆಳಗೆ ಏಳು ಮಹಡಿ. ಪಕ್ಕದ ಮನೆ ಕಾಕೂ ತಮ್ಮ ಕಿಟಕಿ ತೆಗೆದು, ಮೀನು ತೋರಿಸಿ ಒಳಗೆ ಕರ್ಕೊಳ್ಳೋಷ್ಟರಲ್ಲಿ ಎರಡು ಗಂಟೆ ಹೋಯ್ತು. ನನ್ನ ಕೈ ನಡುಕ ಸಂಜೆವರೆಗೂ ನಿಲ್ಲಲಿಲ್ಲ.

ಅವತ್ತು ರಾತ್ರಿ ಆನ್‌ಲೈನ್‌ನಲ್ಲಿ ಎಲೆಕ್ಟ್ರಾನಿಕ್ ಕಾಲರ್ ಆರ್ಡರ್ ಮಾಡಿದೆ. ಎಂಜಿನಿಯರ್ ಅಲ್ವಾ, ಸಮಸ್ಯೆ ಬಂದ್ರೆ ಮೊದಲು ಗ್ಯಾಜೆಟ್ ಹುಡುಕ್ತೀವಿ.

ಅದು ಕೆಲಸ ಮಾಡೋ ರೀತಿ ಸರಳ. ಗಡಿ ಎಲ್ಲಿ ಬೇಕೋ ಅಲ್ಲಿ ಒಂದು ವೈರ್ ಎಳೀತೀರಿ. ಟ್ರಾನ್ಸ್‌ಮಿಟರ್ ಅದರಲ್ಲಿ ರೇಡಿಯೋ ಸಿಗ್ನಲ್ ಕಳಿಸುತ್ತೆ. ಬೆಕ್ಕಿನ ಕೊರಳಲ್ಲಿರೋ ರಿಸೀವರ್ ವೈರ್ ಹತ್ತಿರ ಬಂದಾಗ ಮೊದಲು ಬೀಪ್ ಅನ್ನುತ್ತೆ. ಇನ್ನೂ ಮುಂದೆ ಹೋದ್ರೆ ಚರ್ಮಕ್ಕೆ ತಾಗಿರೋ ಎರಡು ಲೋಹದ ಮೊಳೆಗಳಿಂದ ಸಣ್ಣ ಶಾಕ್. ಕೆಲವು ದಿನದಲ್ಲಿ ಬೆಕ್ಕು ಬೀಪ್ ಕೇಳಿದ ಕೂಡಲೇ ಹಿಂದೆ ಬರೋದು ಕಲಿಯುತ್ತೆ, ಇದು ಲೆಕ್ಕಾಚಾರ.

ಇದರ ಪರವಾಗಿ ಇರೋದನ್ನೂ ಹೇಳಿಬಿಡ್ತೀನಿ, ಇಲ್ಲಾಂದ್ರೆ ನ್ಯಾಯ ಅಲ್ಲ. ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದವರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಂಥ ಬೇಲಿಯೊಳಗೆ ಒಂದು ವರ್ಷಕ್ಕಿಂತ ಹೆಚ್ಚು ಇದ್ದ 23 ಬೆಕ್ಕುಗಳನ್ನು, ಬೇಲಿ ಇಲ್ಲದ 23 ಬೆಕ್ಕುಗಳ ಜೊತೆ ಹೋಲಿಸಿದರು. ದೀರ್ಘಕಾಲದ ತೊಂದರೆ ಅವರಿಗೆ ಕಾಣಲಿಲ್ಲ. ಇನ್ನೊಂದು ಕಡೆ, ಅದೇ ಬ್ರಿಟನ್ನಿನ ವೇಲ್ಸ್‌ನಲ್ಲಿ 2010ರಿಂದಲೇ ನಾಯಿ ಬೆಕ್ಕುಗಳಿಗೆ ಶಾಕ್ ಕಾಲರ್ ಹಾಕೋದು ನಿಷಿದ್ಧ. ಅಂದ್ರೆ ಬಲ್ಲವರಲ್ಲೇ ಒಮ್ಮತ ಇಲ್ಲ.

ಆದ್ರೆ ಒಂದು ಗಮನಿಸಿ. ಆ ಚರ್ಚೆ ಎಲ್ಲಾ ನೆಲಮಟ್ಟದ ಮನೆ, ಹಿತ್ತಲಿನ ತೋಟ, ಹೊರಗಿನ ರಸ್ತೆಯ ಕಾರುಗಳ ಬಗ್ಗೆ. ನಮ್ಮದು ತೋಟ ಅಲ್ಲ, ಬಾಲ್ಕನಿ.

ಈ ವ್ಯತ್ಯಾಸ ನನಗೆ ಹೊಳೆದಿದ್ದಲ್ಲ, ಅಮ್ಮನಿಗೆ ಹೊಳೆದಿದ್ದು. ಅವರು ಆಗ ಊರಿಂದ ಬಂದಿದ್ರು. ಕಾಲರ್ ಬಂತು. ಬೆಕ್ಕಿಗೆ ಹಾಕೋ ಮೊದಲು ನನ್ನ ಮಣಿಕಟ್ಟಿಗೆ ಕಟ್ಕೊಂಡು ವೈರ್ ಹತ್ತಿರ ಕೈ ಒಯ್ದೆ. ಬೀಪ್ ಕೇಳ್ತು, ಬರುತ್ತೆ ಅಂತ ಗೊತ್ತೂ ಇತ್ತು. ಆದ್ರೂ ಚುರ್ ಅಂದ ಕೂಡಲೇ ಹಾರಿಬಿದ್ದೆ, ಇನ್ನೊಂದು ಕೈಯಲ್ಲಿದ್ದ ಚಹಾ ನೆಲದ ಪಾಲಾಯ್ತು. ಅಮ್ಮ ಬಟ್ಟೆ ತಂದು ಒರೆಸ್ತಾ ಹೇಳಿದ್ರು: "ಕೂತಲ್ಲೇ ನೀನು ಹಿಂಗೆ ಹಾರಿದ್ಯಲ್ಲ ಮಗಾ, ಅದು ಕಟ್ಟೆ ಮೇಲಿದ್ರೆ ಎಲ್ಲಿಗೆ ಹಾರುತ್ತೆ?"

ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದೇ. ತೋಟದಲ್ಲಿ ಬೆಚ್ಚಿದ ಬೆಕ್ಕು ಹುಲ್ಲಿನ ಮೇಲೆ ಹಾರುತ್ತೆ. ಕಟ್ಟೆ ಮೇಲೆ ಬೆಚ್ಚಿದ ಬೆಕ್ಕು ಯಾವ ಕಡೆ ಹಾರುತ್ತೆ ಅನ್ನೋದಕ್ಕೆ ಯಾವ ಸೆಟ್ಟಿಂಗ್ಸೂ ಇಲ್ಲ.

ಅವತ್ತಿಂದ ಉಳಿದ ಲೋಪಗಳೂ ಕಾಣಿಸಿದ್ವು. ಪಾರಿವಾಳದ ಹಿಂದೆ ಓಡೋ ಬೆಕ್ಕಿಗೆ ಬೀಪ್ ಕೇಳಿಸಲ್ಲ. ಒಮ್ಮೆ ಗಡಿ ದಾಟಿದ್ರೆ ವಾಪಸ್ ಬರುವಾಗಲೂ ಶಾಕ್, ಹಾಗಾಗಿ ಅದು ಹೊರಗೇ ಉಳಿಯುತ್ತೆ. ಟ್ರಾನ್ಸ್‌ಮಿಟರಿಗೆ ಕರೆಂಟ್ ಹೋದ್ರೆ ಬೇಲಿಯೇ ಇಲ್ಲ. ಬೆಕ್ಕಿನ ಮಾಮೂಲಿ ಪಟ್ಟಿ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ತಾನೇ ಬಿಚ್ಚಿಕೊಳ್ಳಬೇಕು, ಇಲ್ಲಾಂದ್ರೆ ನೇಣಾಗುತ್ತೆ. ಆದ್ರೆ ಶಾಕ್ ಕಾಲರಿನ ಮೊಳೆ ಚರ್ಮಕ್ಕೆ ತಾಗಲೇಬೇಕು, ಅಂದ್ರೆ ಬಿಗಿಯಾಗೇ ಇರಬೇಕು. ದಿನಗಟ್ಟಲೆ ಬಿಟ್ಟರೆ ಅಲ್ಲಿ ಹುಣ್ಣಾಗುತ್ತೆ.

"ಬೆಕ್ಕು ಎಲ್ಲಿಂದ ಬಿದ್ರೂ ಕಾಲ ಮೇಲೇ ನಿಲ್ಲುತ್ತಲ್ಲ" ಅಂತ ಯಾರೋ ಹೇಳೇ ಹೇಳ್ತಾರೆ. ನ್ಯೂಯಾರ್ಕಿನ ಇಬ್ಬರು ಪಶುವೈದ್ಯರು ಎತ್ತರದ ಕಟ್ಟಡಗಳಿಂದ ಬಿದ್ದು ಆಸ್ಪತ್ರೆಗೆ ಬಂದ 132 ಬೆಕ್ಕುಗಳ ಬಗ್ಗೆ 1987ರಲ್ಲಿ ಬರೆದರು. ಚಿಕಿತ್ಸೆಯ ನಂತರ ಶೇ. 90ರಷ್ಟು ಬದುಕಿದವು. ಇಷ್ಟನ್ನೇ ಜನ ನೆನಪಿಟ್ಟುಕೊಂಡಿದ್ದಾರೆ. ಆದ್ರೆ ಸ್ಥಳದಲ್ಲೇ ಸತ್ತ ಬೆಕ್ಕನ್ನ ಯಾರು ಆಸ್ಪತ್ರೆಗೆ ತರ್ತಾರೆ? ಡೇಟಾ ನೋಡೋ ಕೆಲಸ ಮಾಡೋ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಬದುಕಿದವಕ್ಕೂ ಎದೆಗೆ ಪೆಟ್ಟು, ಹಲ್ಲು, ಅಂಗುಳ, ಕಾಲಿನ ಮೂಳೆ ಮುರಿತ ಸಾಮಾನ್ಯ.

ಹಾಗಾದ್ರೆ ಏನು ಮಾಡೋದು? ಬಲೆ. ಪಾರಿವಾಳ ಬರದಿರಲಿ ಅಂತ ಅರ್ಧ ಪುಣೆ, ಮುಕ್ಕಾಲು ಹೈದರಾಬಾದ್ ಹಾಕಿಸಿಕೊಂಡಿರೋ ಅದೇ ಬಾಲ್ಕನಿ ಬಲೆ. ಸೊಸೈಟಿಯವರು "ಬೆಕ್ಕಿಗೆ" ಅಂದ್ರೆ ಹುಬ್ಬು ಗಂಟಿಕ್ತಾರೆ, "ಪಾರಿವಾಳಕ್ಕೆ" ಅಂದ್ರೆ ಸಹಿ ಹಾಕ್ತಾರೆ. ತೆಳು ನೈಲಾನ್ ಆದ್ರೆ ಬೆಕ್ಕು ಕಚ್ಚಿ ಹರಿಯುತ್ತೆ, ದಪ್ಪದ್ದನ್ನೇ ಕೇಳಿ. ಸ್ಟೀಲ್ ತಂತಿ ಹಾಕಿಸೋರು ನೆನಪಿಡಿ: ತಲೆ ತೂರಿದರೆ ಬೆಕ್ಕೂ ತೂರುತ್ತೆ. ಕಿಟಕಿಯ ಸೊಳ್ಳೆ ಪರದೆಯನ್ನ ನಂಬಬೇಡಿ, ಒಂದು ತಳ್ಳು ಸಾಕು. ತಿಂಗಳಿಗೊಮ್ಮೆ ಗಂಟು, ಕೊಕ್ಕೆ ಎಲ್ಲಾ ಎಳೆದು ನೋಡಿ.

ಸಂತಾನಹರಣ ಚಿಕಿತ್ಸೆ ಮಾಡಿಸಿ, ಹೊರಗೆ ಓಡೋ ಹಂಬಲ ಎಷ್ಟೋ ಕಮ್ಮಿಯಾಗುತ್ತೆ. ಒಳಗೆ ಹತ್ತೋಕೆ ಎತ್ತರದ ಒಂದು ಶೆಲ್ಫ್ ಕೊಡಿ. ಬೆಳಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ದಾರ ಹಿಡಿದು ಆಡಿಸಿ. ಬೇಟೆ ಸಿಗದ ಬೆಕ್ಕಿಗೆ ನೀವೇ ಪಾರಿವಾಳ ಆಗಬೇಕು.

ಕೊನೇ ಮಾತು. ಆ ಕಾಲರ್ ಬೂದಿಯ ಸುರಕ್ಷತೆಗೆ ಅಂತ ಇಷ್ಟು ಹೊತ್ತು ಹೇಳಿದೆ. ನಿಜ ಹೇಳಬೇಕಂದ್ರೆ ಅದು ನನ್ನ ಅನುಕೂಲಕ್ಕೆ. ಬಾಲ್ಕನಿ ಬಾಗಿಲು ತೆಗೆದೇ ಇರಬೇಕು, ನಾನು ಕಾಲ್‌ನಿಂದ ಏಳಬಾರದು, ಸೊಸೈಟಿ ಆಫೀಸಿಗೆ ಅಲೀಬಾರದು. ಆ ಸೋಮಾರಿತನದ ಬಿಲ್ಲನ್ನ ಬೆಕ್ಕಿನ ಕೊರಳಿಗೆ ಕಟ್ಟೋಕೆ ಹೊರಟಿದ್ದೆ. ಬಾಗಿಲು ಹಾಕಿ ಅದನ್ನ ಒಳಗಿಟ್ಟವನು ನಾನು. ಹಾಗಾಗಿ ಬೇಲಿಯ ಕಷ್ಟವೂ ನನ್ನದೇ ಆಗಬೇಕು, ಅದರದ್ದಲ್ಲ.

ಕಾಲರ್ ವಾಪಸ್ ಹೋಯ್ತು. ಬಲೆ ಬರೋಕೆ ಹನ್ನೊಂದು ದಿನ ಹಿಡೀತು. ಅಲ್ಲೀವರೆಗೂ ಬಾಲ್ಕನಿ ಬಾಗಿಲು ಮುಚ್ಚೇ ಇತ್ತು, ಅಮ್ಮ ಹಪ್ಪಳ ಒಣಗಿಸೋಕೆ ಟೆರೇಸಿಗೆ ಹತ್ತಿದ್ರು. ಈಗ ಬೂದಿ ಬಲೆ ಈಚೆ, ಪಾರಿವಾಳ ಬಲೆ ಆಚೆ. ದಿನಾ ಬೈದಾಡ್ಕೊಳ್ತಾವೆ.

ಪ್ರಶ್ನೆ ಇದ್ರೆ ಕೇಳಿ. ನಾಯಿ ಸಾಕಿರೋರೂ ಕೇಳಬಹುದು!